ಆಯುಧಸಂಗ್ರಹವೂ ಆಯುಧದ ಋಣವೂ

ಮಹಾನವಮಿಯ ದಿನ ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಗೆ ಮನೆಮನೆಯಲ್ಲಿ ಖಂಡೇಪೂಜೆಯು ನಡೆಯುವದು. ಒಕ್ಕಲಿಗನು ಕೂರಿಗೆ ಕುಂಟೆಗಳನ್ನೂ, ಬಡಿಗನು ಬಾಚಿ ಉಳಿಗಳನ್ನೂ, ವ್ಯಾಪಾರಿಯು ತಕ್ಕಡಿಯನ್ನೂ, ಓದುವ ಹುಡುಗನು ಪುಸ್ತಕವನ್ನೂ ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ ಕೈಮುಗಿಯುವರು. ವರ್ಷವಿಡೀ ತನಗೆ ಅನ್ನವನ್ನೋ ಅರಿವನ್ನೋ ಕೊಟ್ಟ ವಸ್ತುವಿಗೆ ಒಂದು ದಿನವಾದರೂ ಕೃತಜ್ಞತೆಯನ್ನು ಸಲ್ಲಿಸಬೇಕೆಂಬುದೇ ಈ ಆಚಾರದ ತಿರುಳು. ಹಳೆಯ ವಾಡೆಯೊಂದರಲ್ಲಿ ಇವುಗಳ ಸಾಲಿನಲ್ಲಿಯೇ ತುಕ್ಕು ಹಿಡಿದ ಖಡ್ಗವೋ, ಮದ್ದು ತುಂಬುವ ಹಳೆಯ ಬಂದೂಕೋ ಇದ್ದರೆ ಅದಕ್ಕೂ ಅದೇ ಕುಂಕುಮ, ಅದೇ ಸೇವಂತಿಗೆಯ ಹೂವು. ಆದರೆ ವಿಚಾರವಂತನಿಗೆ ಅಲ್ಲಿ ಒಂದು ಪ್ರಶ್ನೆಯು ಉಳಿಯುವದು. ಕೂರಿಗೆಯು ಅನ್ನ ಕೊಟ್ಟಿತು, ಸರಿ. ಈ ಖಡ್ಗವು ಯಾರಿಗೆ ಏನು ಕೊಟ್ಟಿತು? ಯಾರಿಂದ ಏನನ್ನು ತೆಗೆದುಕೊಂಡಿತು? ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಅರಿಯದೆ ಆಯುಧವೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವದು ಎಷ್ಟರ ಮಟ್ಟಿಗೆ ಯೋಗ್ಯ?

ಒಂದು ಖಡ್ಗದ ವಿಷಯದಲ್ಲಿ ಸಣ್ಣದಾಗಿ ಕಾಣುವ ಈ ಪ್ರಶ್ನೆಯು, ಆಯುಧಗಳನ್ನು ಹುಡುಕಿ ಹುಡುಕಿ ಕೂಡಿಡುವವರ ವಿಷಯದಲ್ಲಿ ದೊಡ್ಡದಾಗುವದು. ಸಂಗ್ರಹದ ಹಂಬಲವು ಮನುಷ್ಯನಿಗೆ ಸ್ವಭಾವಸಿದ್ಧವಾದದ್ದು. ಒಬ್ಬನು ಅಂಚೆಯ ಚೀಟಿಗಳನ್ನೂ, ಇನ್ನೊಬ್ಬನು ಹಳೆಯ ನಾಣ್ಯಗಳನ್ನೂ, ಮತ್ತೊಬ್ಬನು ತಾಡವೋಲೆಗಳನ್ನೂ ಕೂಡಿಸುವನು. ಇವರನ್ನು ಯಾರೂ ಆಕ್ಷೇಪಿಸುವದಿಲ್ಲ. ಇವರಿಲ್ಲದಿದ್ದರೆ ಇತಿಹಾಸದ ಎಷ್ಟೋ ಸಾಧನಗಳು ಮಣ್ಣುಗೂಡುತ್ತಿದ್ದವು. ಆದರೆ ಪಾಶ್ಚಾತ್ಯ ದೇಶಗಳಲ್ಲಿ, ಅದರಲ್ಲಿಯೂ ಅಮೇರಿಕದಲ್ಲಿ, ಸೇನೆಗೆ ಬೇಡವಾಗಿ ಮಾರಾಟಕ್ಕೆ ಬಂದ ಕಾರ್ಬೈನುಗಳನ್ನು ಸಂಗ್ರಹಿಸುವವರ ದೊಡ್ಡದೊಂದು ವರ್ಗವೇ ಇದೆ. ಇವರ ಹವ್ಯಾಸವನ್ನು ನಾಣ್ಯಸಂಗ್ರಹದ ಪಂಕ್ತಿಯಲ್ಲಿ ಕೂಡಿಸಬಹುದೇ?

ಕಾರ್ಬೈನು ಎಂದರೆ ಗಿಡ್ಡ ನಳಿಕೆಯ ಹಗುರಾದ ಬಂದೂಕು. ಕಾಲಾಳಿನ ಉದ್ದ ಬಂದೂಕು ಕುದುರೆಯ ಮೇಲಿನ ಸವಾರನಿಗೆ ಅಡಚಣೆಯಾಗುತ್ತಿದ್ದುದರಿಂದ ಯುರೋಪಿನ ಸೇನೆಗಳಲ್ಲಿ ಇದು ಬಳಕೆಗೆ ಬಂದಿತು. ಕುದುರೆಗಳ ಕಾಲ ಮುಗಿದ ಮೇಲೂ ಇದು ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕವು 60 ಲಕ್ಷಕ್ಕೂ ಮಿಕ್ಕಿ ಎಂ1 ಕಾರ್ಬೈನುಗಳನ್ನು ತಯಾರಿಸಿತು. ಬ್ರಿಟನ್ನು ಬ್ರಹ್ಮದೇಶ, ಮಲಯಗಳಂಥ ಕಾಡುನಾಡುಗಳ ಯುದ್ಧಕ್ಕೆಂದು 1944ರಿಂದ 1947ರ ವರೆಗೆ ಲೀ-ಎನ್‌ಫೀಲ್ಡ್ ಬಂದೂಕಿನ ಗಿಡ್ಡ ರೂಪವೊಂದನ್ನು ಸುಮಾರು ಎರಡೂವರೆ ಲಕ್ಷದಷ್ಟು ತಯಾರಿಸಿತು. ಸಂಗ್ರಾಹಕರು ಇಂದಿಗೂ ಅದನ್ನು ಕಾಡಿನ ಕಾರ್ಬೈನೆಂದೇ ಕರೆಯುವರು. ಯುದ್ಧ ಮುಗಿಯಿತು, ಸೈನಿಕರು ಊರಿಗೆ ಮರಳಿದರು, ಬಂದೂಕುಗಳು ಉಗ್ರಾಣಗಳಲ್ಲಿ ಉಳಿದವು. ಹೊಸ ಬಂದೂಕುಗಳು ಬಂದಂತೆ ಹಳೆಯವು ಸರಕಾರಗಳಿಗೆ ಭಾರವಾದವು. ಆಗ ಅವು ಸಗಟಾಗಿ ವ್ಯಾಪಾರಿಗಳ ಕೈಗೂ, ಅಲ್ಲಿಂದ ಬಿಡಿಯಾಗಿ ಗೃಹಸ್ಥರ ಮನೆಗೂ ಹೋದವು. ಬಂಗಾಲದ ಇಶಾಪುರದ ಕಾರಖಾನೆಯಲ್ಲಿ ಭಾರತದ ಸೈನ್ಯಕ್ಕಾಗಿ ತಯಾರಾದ ಬಂದೂಕುಗಳು ಕೂಡ ಹೀಗೆಯೇ ಸಮುದ್ರ ದಾಟಿ ಅಮೇರಿಕದ ಸಂಗ್ರಾಹಕರ ಗೋಡೆಗಳನ್ನು ಸೇರಿವೆ. ಆ ಉದ್ದ ಬಂದೂಕುಗಳನ್ನು ಕತ್ತರಿಸಿ ಗಿಡ್ಡ ಮಾಡಿ, ಎಂದೂ ಕಾಡಿನ ಯುದ್ಧವನ್ನು ಕಾಣದ ವಸ್ತುವಿಗೆ ಕಾಡಿನ ಕಾರ್ಬೈನಿನ ವೇಷ ತೊಡಿಸಿ ಮಾರಿದ ವ್ಯಾಪಾರಿಗಳೂ ಉಂಟು.

ಇಂಥ ಸಂಗ್ರಾಹಕನ ಶ್ರದ್ಧೆಯನ್ನು ಹಗುರಾಗಿ ಕಾಣಲಾಗದು. ಅವನು ಬಂದೂಕಿನ ಪ್ರತಿಯೊಂದು ಬಿಡಿಭಾಗದ ಮೇಲಿನ ಮುದ್ರೆಯನ್ನು ಭೂತಗನ್ನಡಿ ಹಿಡಿದು ಓದುವನು. ಯಾವ ಕಾರಖಾನೆ, ಯಾವ ವರ್ಷ, ಎಷ್ಟನೆಯ ಸಂಖ್ಯೆ. ನಳಿಕೆಯ ಮೇಲಿನ ಸಂಖ್ಯೆಯೂ ಬೀಗದ ಮೇಲಿನ ಸಂಖ್ಯೆಯೂ ಒಂದೇ ಇವೆಯೋ. ಮರದ ಹಿಡಿಯು ಮೂಲದ್ದೋ, ತರುವಾಯ ಕೂಡಿಸಿದ್ದೋ — ಇವೆಲ್ಲ ಅವನಿಗೆ ಶಾಸನಶಾಸ್ತ್ರಜ್ಞನ ಅಕ್ಷರಗಳಷ್ಟೇ ಅಮೂಲ್ಯ. ಅವನ ಸಮರ್ಥನೆಯೂ ದುರ್ಬಲವಾದದ್ದಲ್ಲ. ಉಕ್ಕಿಗೆ ಪಾಪವಿಲ್ಲ, ಪಾಪವು ಕೈಗೆ ಮಾತ್ರವೆಂದು ಅವನು ಹೇಳುವನು. ಕುಲುಮೆಗೆ ಹೋಗಿ ಕರಗಬೇಕಾಗಿದ್ದ ವಸ್ತುವನ್ನು ತಾನು ಉಳಿಸಿದೆನೆಂದೂ, ರಣರಂಗದಲ್ಲಿ ಕೆಲಸ ಮಾಡುತ್ತಿದ್ದ ಬಂದೂಕು ತನ್ನ ಗೋಡೆಯ ಮೇಲೆ ಸುಮ್ಮನಿರುವದೆಂದೂ, ಹೀಗೆ ನೋಡಿದರೆ ತಾನೇ ನಿಜವಾದ ಶಾಂತಿವಾದಿಯೆಂದೂ ಅವನು ವಾದಿಸುವನು. ಈ ವಾದಕ್ಕೆ ಉತ್ತರ ಕೊಡದೆ ಅವನನ್ನು ಹಿಂಸಾಪ್ರಿಯನೆಂದು ಜರೆಯುವದು ನ್ಯಾಯವಲ್ಲ.

ಮೊದಲನೆಯ ಉತ್ತರವು ಲೋಕಾನುಭವದಿಂದ ಬರುವದು. ನಾಣ್ಯವು ಚಲಾವಣೆ ತಪ್ಪಿದ ಮೇಲೆ ನಾಣ್ಯವಾಗಿ ಸತ್ತುಹೋಗುವದು. ವಿಜಯನಗರದ ಹೊನ್ನನ್ನು ಒಯ್ದು ಇಂದಿನ ಪೇಟೆಯಲ್ಲಿ ಅಕ್ಕಿ ತರಲಾಗದು. ಬಂದೂಕು ಹಾಗೆ ಸಾಯುವದಿಲ್ಲ. ಸೇನೆಯು ಅದನ್ನು ಬೇಡವೆಂದ ಮಾತ್ರಕ್ಕೆ ಅದರ ಧರ್ಮವು ಅಳಿಯುವದಿಲ್ಲ. ಇಟಲಿಯ ಸೇನೆಗೆಂದು 1940ರಲ್ಲಿ ತಯಾರಾದ ಕಾರ್ಕಾನೋ ಜಾತಿಯ ಗಿಡ್ಡ ಬಂದೂಕೊಂದು ಹೆಚ್ಚುವರಿ ಸಾಮಾನೆಂದು ಅಮೇರಿಕಕ್ಕೆ ಬಂದು, ದುರ್ಬೀನಿನ ಸಹಿತ ಇಪ್ಪತ್ತು ಡಾಲರಿನ ಸುಮಾರಿಗೆ ಅಂಚೆಯ ಮೂಲಕ ಮಾರಾಟವಾಯಿತು. 1963ರ ನವೆಂಬರ 22ರಂದು ಅದೇ ಬಂದೂಕಿನಿಂದ ಅಮೇರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯಾಯಿತು. ಐದು ವರ್ಷಗಳ ತರುವಾಯ, 1968ರಲ್ಲಿ, ಆ ದೇಶವು ಕಾಯದೆ ಮಾಡಿ ಬಂದೂಕುಗಳನ್ನು ಅಂಚೆಯಿಂದ ತರಿಸಿಕೊಳ್ಳುವದನ್ನೂ ಪರದೇಶದ ಸೈನಿಕ ಬಂದೂಕುಗಳ ಆಮದನ್ನೂ ನಿರ್ಬಂಧಿಸಿತು. ಆದರೂ 1984ರಲ್ಲಿ, ಐವತ್ತು ವರ್ಷ ಹಳೆಯವಾದ ಸಂಗ್ರಾಹ್ಯ ಬಂದೂಕುಗಳಿಗೆ ಬಾಗಿಲು ಮತ್ತೆ ತೆರೆಯಿತು. ಮುಪ್ಪಿನಿಂದ ವಸ್ತುವು ನಿರಪಾಯವಾಗುವದೆಂಬ ಭಾವನೆಯು ಅದರ ಹಿಂದೆ ಇದ್ದಂತಿದೆ. ಆದರೆ ಎಣ್ಣೆ ಹಾಕಿ ಜೋಪಾನ ಮಾಡಿದ ಬಂದೂಕಿಗೆ ಮುಪ್ಪೆಂಬುದಿಲ್ಲ. ಮತ್ತು ಎಣ್ಣೆ ಹಾಕಿ ಜೋಪಾನ ಮಾಡುವದೇ ಸಂಗ್ರಾಹಕನ ಕಸುಬು.

ನಮ್ಮ ದೇಶದಲ್ಲಿ ಕಾಯದೆಯು ಈ ಹವ್ಯಾಸಕ್ಕೆ ಎಡೆಗೊಟ್ಟಿಲ್ಲ. 1959ರ ಆಯುಧ ಕಾಯದೆಯಂತೆ ಬಂದೂಕಿಗೆ ಪರವಾನಿಗೆ ಬೇಕು. ಸೈನ್ಯದ ಗುಂಡನ್ನು ಹಾರಿಸಬಲ್ಲ .303 ಅಳತೆಯ ಬಂದೂಕುಗಳು 2016ರ ನಿಯಮಗಳಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿವೆ. 2019ರ ತಿದ್ದುಪಡಿಯಿಂದ ಸಾಮಾನ್ಯ ಗೃಹಸ್ಥನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿದಿದೆ. ಆದುದರಿಂದ ಇಲ್ಲಿ ಪ್ರಶ್ನೆಯೇ ಇಲ್ಲವೆಂದು ಕೆಲವರು ಹೇಳಬಹುದು. ಆದರೆ ಕಾಯದೆಯು ಕೈಯನ್ನು ಕಟ್ಟುವದೇ ಹೊರತು ಮನಸ್ಸಿಗೆ ಯುಕ್ತಾಯುಕ್ತಗಳನ್ನು ಹೇಳಿಕೊಡುವದಿಲ್ಲ. ಮೇಲಾಗಿ, ಆಯುಧವನ್ನು ಕಸಿದುಕೊಂಡ ಮಾತ್ರಕ್ಕೆ ಧರ್ಮವು ನೆಲೆಗೊಳ್ಳುವದೆಂದು ಈ ಸೀಮೆಯವರಿಗೆ ಯಾರೂ ಬೋಧಿಸಲಾರರು. ಏಕೆಂದರೆ ನಿರಾಯುಧಗೊಳಿಸುವ ಕಾಯದೆಯ ಇನ್ನೊಂದು ಮುಖವನ್ನು ಈ ಸೀಮೆಯು ಕಂಡಿದೆ.

1857ರಲ್ಲಿ ಆಂಗ್ಲರ ಸರಕಾರವು ಜನರ ಆಯುಧಗಳನ್ನು ದಾಖಲೆಗೆ ತರಲು ಹೊರಟಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಜೀವನವಾಗಿದ್ದ ಆ ಜನಕ್ಕೆ ಆಯುಧವು ಅನ್ನವೂ ಆಗಿತ್ತು, ಮಾನವೂ ಆಗಿತ್ತು. ನವೆಂಬರ ಕೊನೆಗೆ ಸೈನ್ಯವು ಊರನ್ನು ಮುತ್ತಿ ಬೆಂಕಿ ಹಚ್ಚಿತು. ಹಿಡಿದವರಲ್ಲಿ ಹತ್ತೊಂಬತ್ತು ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಆ ದುಃಖವನ್ನು ಹಾಡಿದ ಲಾವಣಿಯನ್ನು, ಆಂಗ್ಲ ಅಧಿಕಾರಿಯೂ ಶಾಸನಪಂಡಿತನೂ ಆದ ಫ್ಲೀಟನೇ ಸಂಗ್ರಹಿಸಿ ಅಚ್ಚು ಹಾಕಿಸಿದನು. ಮರುವರ್ಷ ಮೇ ತಿಂಗಳಿನಲ್ಲಿ ಮಾಗಡಿಗೆ ದೂರವಲ್ಲದ ಹಮ್ಮಿಗಿಯಲ್ಲಿ, ಮುಂಡರಗಿಯ ಭೀಮರಾಯನ ಪಕ್ಷದವರು ಕೂಡಿಸಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕಣ್ಣಿಗೆ ಬಿದ್ದವು. ಆ ಮನೆಗೆ ಮುದ್ರೆ ಬಿದ್ದಿತು. ಭೀಮರಾಯನು ಬಂದು ಕಾವಲನ್ನು ಮುರಿದು ಆಯುಧಗಳನ್ನು ಎತ್ತಿಕೊಂಡನು. ಅಲ್ಲಿಂದ ಹೊತ್ತಿದ ಕಿಡಿಯು ಕೊಪ್ಪಳದ ಕೋಟೆಯಲ್ಲಿ, ಅವನೂ ಹಮ್ಮಿಗಿಯ ಕೆಂಚನಗೌಡನೂ ಹೋರಾಡಿ ಮಡಿದಾಗ ಆರಿತು. ಅದೇ ದಿನಗಳಲ್ಲಿ ಎದ್ದ ನರಗುಂದದ ಬಾಬಾಸಾಹೇಬನನ್ನು ಜೂನ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ಸಂಸ್ಥಾನಿಕನ ಅರಮನೆಯಲ್ಲಿ ತೋಪುಗಳಿದ್ದಂತೆಯೇ ಅಪರೂಪದ ಸಂಸ್ಕೃತ ಗ್ರಂಥಗಳ ಭಂಡಾರವೂ ಇದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಗ್ರಂಥವನ್ನು ಪ್ರೀತಿಸುವವನು ಆಯುಧವನ್ನು ಮುಟ್ಟಲಾರನೆಂಬ ಮಾತು ಸುಳ್ಳು.

1878ರ ಆಯುಧ ಕಾಯದೆಯು ಈ ಅವಿಶ್ವಾಸವನ್ನು ಶಾಶ್ವತಗೊಳಿಸಿತು. ಭಾರತೀಯನಿಗೆ ಪರವಾನಿಗೆ ಬೇಕು, ಯುರೋಪಿಯನ್ನನಿಗೆ ಬೇಡವೆಂಬ ಭೇದವನ್ನು ಮಾಡಿತು. ಅಹಿಂಸೆಯನ್ನೇ ವ್ರತವಾಗಿ ಕೈಕೊಂಡ ಗಾಂಧೀಜಿಯವರು ಕೂಡ 1918ರಲ್ಲಿ ಖೇಡಾದಲ್ಲಿ ಹಂಚಿದ ಕರಪತ್ರದಲ್ಲಿ, ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಈ ಕಾಯದೆಯನ್ನು ಕಟುವಾಗಿ ಖಂಡಿಸಿದರು. ಕೊಡಗಿನಲ್ಲಿ ಮಾತ್ರ 1861ರಿಂದ ವಿನಾಯಿತಿಯೊಂದು ನಡೆದುಬಂದಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು. ಅಲ್ಲಿ ಕೈಲ್‌ಪೊಳ್ದಿನ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುವದು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿಯ ಶಬ್ದವೇ ಊರಿಗೆ ಸುದ್ದಿ, ಸಾವಾದರೂ ಅದೇ ಸುದ್ದಿ. ಅಲ್ಲಿಯ ಕೋವಿಯು ಗೋಡೆಯ ಮೇಲಿನ ಅಲಂಕಾರವಲ್ಲ. ಕುಲದ ಹುಟ್ಟು ಸಾವುಗಳಿಗೆ ಕಟ್ಟಿದ ವಸ್ತು.

ಹೀಗಿರಲು, ಆಯುಧವನ್ನು ಇಟ್ಟುಕೊಳ್ಳುವ ಇಚ್ಛೆಯೆಲ್ಲವೂ ಹೀನವೆಂದು ಹೇಳಲಾಗದು. ಆದರೆ ಹಮ್ಮಿಗಿಯ ಆಯುಧಗಳಿಗೂ ಕಾರ್ಬೈನು ಸಂಗ್ರಾಹಕನ ಗೋಡೆಗೂ ಒಂದು ಅಂತರವಿದೆ. ಭೀಮರಾಯನು ಆಯುಧಗಳನ್ನು ಕೂಡಿಸಿದಾಗ ಅವುಗಳ ಬೆಲೆ ಎಷ್ಟೆಂಬುದು ಅವನಿಗೆ ಗೊತ್ತಿದ್ದಿತು, ಮತ್ತು ಆ ಬೆಲೆಯನ್ನು ಅವನೇ ತೆತ್ತನು. ಬೇಡರೂ ತೆತ್ತರು. ಸಂಗ್ರಾಹಕನ ಕಾರ್ಬೈನಿನ ಬೆಲೆಯನ್ನು ಬೇರೆ ಯಾರೋ ಎಂದೋ ತೆತ್ತಿದ್ದಾರೆ. ಅವನು ಕೊಟ್ಟದ್ದು ಹಣ ಮಾತ್ರ. ಆ ಕಾರ್ಬೈನಿನ ಮೇಲೆ ಕಾರಖಾನೆಯ ಮುದ್ರೆಯಿದೆ, ವರ್ಷವಿದೆ, ಸಂಖ್ಯೆಯಿದೆ. ಅದನ್ನು ಹೊತ್ತ ಹುಡುಗನ ಹೆಸರಿಲ್ಲ. ಅದರ ಗುಂಡು ತಗುಲಿದವನ ಹೆಸರಂತೂ ಎಲ್ಲಿಯೂ ಇಲ್ಲ. ಭೂತಗನ್ನಡಿಗೆ ಕಾಣುವ ಗುರುತುಗಳೆಲ್ಲ ವಸ್ತುವಿನ ಗುರುತುಗಳು. ಮನುಷ್ಯನ ಗುರುತು ಒಂದೂ ಅಲ್ಲ.

ಹಾಗಾದರೆ ಮನುಷ್ಯನ ಗುರುತು ಸಿಕ್ಕಿದರೆ ದೋಷವು ಹೋಗುವದೇ? ಅದೂ ಹೋಗುವದಿಲ್ಲ. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಲಿಲಾವಿನಲ್ಲಿ ಟಿಪ್ಪೂ ಸುಲ್ತಾನನ ಶಯನಗೃಹದ ಖಡ್ಗವೊಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ತರುವಾಯ, ದಾಳಿಯ ಮುಂದಾಳುವಾಗಿದ್ದ ಬೇರ್ಡನಿಗೆ ಅದು ಕಾಣಿಕೆಯಾಗಿ ಸಂದಿತ್ತು. ಇಲ್ಲಿ ಹೆಸರು, ಸ್ಥಳ, ದಿನ ಎಲ್ಲವೂ ತಿಳಿದಿವೆ. ಮತ್ತು ಅವು ತಿಳಿದಿರುವದರಿಂದಲೇ ಬೆಲೆಯು ಅಷ್ಟು ಏರಿತು. ಮಡಿದವನ ನೆನಪು ಅಲ್ಲಿ ಅಳಿದಿಲ್ಲ, ಹಣವಾಗಿದೆ. ಆದುದರಿಂದ ಬರಿಯ ಇತಿಹಾಸಜ್ಞಾನವು ಆಯುಧಸಂಗ್ರಹವನ್ನು ಶುದ್ಧಗೊಳಿಸಲಾರದು. ನೆನಪು ಎರಡು ಬಗೆಯದು. ಒಂದು ನೆನಪು ವಸ್ತುವಿನ ಬೆಲೆಯನ್ನು ಹೆಚ್ಚಿಸುವದು. ಇನ್ನೊಂದು ಇಟ್ಟುಕೊಂಡವನ ಋಣವನ್ನು ಹೆಚ್ಚಿಸುವದು. ಮೊದಲನೆಯದು ಒಡೆಯನ ನೆನಪು, ಎರಡನೆಯದು ಸಾಲಗಾರನ ನೆನಪು.

ಈ ಎರಡನೆಯ ನೆನಪನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ನಾಡು ಇದು. ಪುಲಿಗೆರೆಯೆಂದು ಹೆಸರಾಗಿದ್ದ ಲಕ್ಷ್ಮೇಶ್ವರದ ಸುತ್ತಲಿನ ಸೀಮೆಯಲ್ಲಿ, ಗುಡಿಯ ಬಳಿಯಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಹಂತದಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವದು. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವದು. ಕಾಳಗದ ಹಂತದಲ್ಲಿ ಕತ್ತಿಯೂ ಇದೆ, ಬಿಲ್ಲೂ ಇದೆ. ಆದರೆ ಮೇಲಿನ ಹಂತಕ್ಕೆ ಏರಿದ್ದು ಮನುಷ್ಯನೇ, ಕತ್ತಿಯಲ್ಲ. ಬರೆಹವಿದ್ದ ಕಲ್ಲುಗಳಲ್ಲಿ ಅವನ ಹೆಸರನ್ನೂ, ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಪೆಣ್ಬುಯ್ಯಲಿನಲ್ಲಿಯೋ ಅವನು ಮಡಿದನೆಂಬುದನ್ನೂ ಹೇಳಿರುವದುಂಟು. ಅಂದರೆ, ಯಾವ ದನಗಳಿಗಾಗಿ, ಯಾವ ಊರಿಗಾಗಿ, ಯಾವ ಹೆಣ್ಣುಮಕ್ಕಳ ಮಾನಕ್ಕಾಗಿ ಅವನು ಸತ್ತನೋ ಅವರ ಕಡೆಯವರೇ ಕಲ್ಲನ್ನು ನಿಲ್ಲಿಸಿದರು. ಅವರು ಅವನಿಗೆ ಋಣಿಗಳಾಗಿದ್ದರು. ಅವನ ಕತ್ತಿಯನ್ನು ಕಾಯ್ದಿಡಬೇಕೆಂದು ಅವರಿಗೆ ತೋರಲಿಲ್ಲ. ಅವನ ಸಾವಿನ ಕಾರಣವನ್ನು ಕಾಯ್ದಿಡಬೇಕೆಂದು ತೋರಿತು.

ಆಯುಧವನ್ನೇ ಕಾಯ್ದಿಡಬೇಕಾಗಿ ಬಂದಾಗ ಏನು ಮಾಡಬೇಕೆಂಬುದಕ್ಕೂ ಪರಂಪರೆಯಲ್ಲಿ ಉದಾಹರಣೆಯುಂಟು. ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಕನ್ನಡಿಸಿದ ಗದುಗಿಗೆ ನೆರೆಯಾದ ಈ ಸೀಮೆಯವರಿಗೆ ವಿರಾಟಪರ್ವವು ಅಪರಿಚಿತವಲ್ಲ. ಮಳೆ ಕಾಣದಾದಾಗ ಅದನ್ನು ಓದಿಸುವ ರೂಢಿಯು ಕನ್ನಡನಾಡಿನಲ್ಲಿ ಇದ್ದುದೇ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಊರ ಹೊರಗಿನ ಬನ್ನಿಯ ಮರದಲ್ಲಿ ಬಚ್ಚಿಟ್ಟರೆಂಬುದು ಎಲ್ಲರಿಗೂ ಗೊತ್ತು. ಅವುಗಳ ಜೊತೆಗೆ ಅವರು ಇನ್ನೂ ಒಂದು ವಸ್ತುವನ್ನು ಕಟ್ಟಿದರೆಂಬುದನ್ನು ಹಬ್ಬದ ಸಂಭ್ರಮದಲ್ಲಿ ಜನರು ಮರೆಯುವರು. ವ್ಯಾಸಭಾರತದಂತೆ ಅವರು ಅಲ್ಲಿ ಒಂದು ಹೆಣವನ್ನು ತೂಗುಹಾಕಿದರು; ದಾರಿಯಲ್ಲಿ ಕಂಡ ದನಗಾಹಿಗಳಿಗೆ, ಅದು ನೂರೆಂಬತ್ತು ವರ್ಷದ ತಮ್ಮ ತಾಯಿಯದೆಂದೂ ತಮ್ಮ ಕುಲದ ರೂಢಿಯು ಇದೆಂದೂ ಹೇಳಿದರು. ಹತ್ತಿರ ಯಾರೂ ಸುಳಿಯಬಾರದೆಂಬುದು ಉದ್ದೇಶ. ಆದರೆ ಆ ಉಪಾಯದಲ್ಲಿ ಉಪಾಯಕ್ಕಿಂತ ದೊಡ್ಡದಾದ ಒಂದು ಸತ್ಯವು ಅಡಗಿದೆ. ಆಯುಧವನ್ನು ಇಡಬೇಕಾದರೆ ಹೆಣದ ಪಕ್ಕದಲ್ಲಿಯೇ ಇಡಬೇಕು. ಗಾಂಡೀವವನ್ನು ಮತ್ತೆ ಕೆಳಗಿಳಿಸಬೇಕಾದವನು ಆ ಹೆಣದ ಬಳಿಗೆ ಹೋಗಿಯೇ ಇಳಿಸಬೇಕು. ಸಂಗ್ರಾಹಕನು ಮಾಡುವದೇನೆಂದರೆ ಹೆಣವನ್ನು ಮಾತ್ರ ಕೆಳಗಿಳಿಸಿ ಕಣ್ಮರೆ ಮಾಡಿ, ಗಂಟನ್ನು ಬಿಚ್ಚಿ, ಆಯುಧವನ್ನು ಒರೆಸಿ ಹೊಳಪು ಬರಿಸಿ ಗೋಡೆಗೆ ಹಾಕುವದು. ಉಕ್ಕು ನಿರ್ದೋಷವೆಂಬ ಅವನ ಮಾತು ಆಗ ಸುಲಭವಾಗಿ ನಂಬುವಂತಾಗುವದು. ಏಕೆಂದರೆ ಸಾಕ್ಷಿಯು ಅಲ್ಲಿ ಉಳಿದಿಲ್ಲ.

ಸಂಗ್ರಹದ ಇನ್ನೊಂದು ರೀತಿಯನ್ನು ನೋಡಬಯಸುವವರು ಚಳಿಗಾಲದಲ್ಲಿ ಮಾಗಡಿಯ ಕೆರೆಗೆ ಹೋಗಬಹುದು. ಮಳೆಯ ನೀರನ್ನು ಹಿಡಿದಿಟ್ಟು ಬೆಳೆಗೆ ಕೊಡಲೆಂದು ಮನುಷ್ಯರು ಕಟ್ಟಿದ, ಸುಮಾರು 50 ಹೆಕ್ಟೇರ ವಿಸ್ತಾರದ ಕೆರೆಯದು. ಮಂಗೋಲಿಯ, ಟಿಬೇಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆಯಾಗಿ ಅಲ್ಲಿ ಇಳಿಯುವವು. ದಕ್ಷಿಣ ಭಾರತದಲ್ಲಿ ಈ ಹಕ್ಕಿಗಳು ಚಳಿಗಾಲ ಕಳೆಯುವ ದೊಡ್ಡ ನೆಲೆಗಳಲ್ಲಿ ಅದೊಂದು. 2024ರಲ್ಲಿ ಅದಕ್ಕೆ ರಾಮಸಾರ್ ಒಪ್ಪಂದದ ಮನ್ನಣೆಯೂ ದೊರೆಯಿತು. ಹಗಲು ನೀರಿನ ಮೇಲಿದ್ದು, ಸಂಜೆಯಾದ ಮೇಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವವು. ಒಕ್ಕಲಿಗನಿಗೆ ಅದರಿಂದ ನಷ್ಟವುಂಟು. ಬಂದೂಕಿನ ಒಂದೇ ಸಪ್ಪಳಕ್ಕೆ ಕೆರೆಯೆಲ್ಲ ಬರಿದಾಗುವದೆಂಬುದೂ ಅವನಿಗೆ ಗೊತ್ತು. ಆದರೂ ಊರವರು ಈ ಅತಿಥಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅವರ ಕೈಯಲ್ಲಿ ಒಂದು ಹಕ್ಕಿಯೂ ಇಲ್ಲ, ಯಾವ ಹಕ್ಕಿಯ ಮೇಲೂ ಅವರ ಮುದ್ರೆಯಿಲ್ಲ; ವಸಂತ ಬರುತ್ತಲೇ ಎಲ್ಲವೂ ಹಾರಿಹೋಗುವವು. ತನ್ನದಲ್ಲದ್ದನ್ನು, ತನಗೆ ನಷ್ಟವಾದರೂ, ಕಾಯ್ದುಕೊಳ್ಳುವದು ಇಲ್ಲಿಯ ರೀತಿ. ಬೇರೆಯವರು ಪ್ರಾಣದಿಂದ ಬೆಲೆ ತೆತ್ತದ್ದನ್ನು ತನ್ನದೆಂದು ಕರೆದುಕೊಳ್ಳುವದು ಅಲ್ಲಿಯ ರೀತಿ. ಕಾಪಾಡುವದೆಂಬ ಒಂದೇ ಮಾತನ್ನು ಇಬ್ಬರೂ ಬಳಸುವರು. ಅರ್ಥವು ಮಾತ್ರ ಒಂದಲ್ಲ.

ಇಷ್ಟರಿಂದ ಹಳೆಯ ಆಯುಧಗಳನ್ನೆಲ್ಲ ಕುಲುಮೆಗೆ ಹಾಕಬೇಕೆಂದು ಸಿದ್ಧವಾಗುವದಿಲ್ಲ. ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಬಾವಿಯೊಂದರ ಕೆಸರಿನಲ್ಲಿ ಟಿಪ್ಪೂವಿನ ಕಾಲದ ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳು ದೊರೆತಾಗ ಅವುಗಳನ್ನು ಶಿವಮೊಗ್ಗೆಯ ವಸ್ತುಸಂಗ್ರಹಾಲಯದ ವಶಕ್ಕೆ ಕೊಟ್ಟದ್ದು ಸರಿಯೇ. ಎಲ್ಲರದೂ ಆದ ಸ್ಥಳದಲ್ಲಿ, ಯಾವ ಯುದ್ಧದ್ದೆಂದು ಕೇಳುವ ಹುಡುಗನಿಗೆ ಉತ್ತರ ಸಿಗುವ ಹಾಗೆ, ಮಾರಾಟದ ಮಾತಿಲ್ಲದೆ ಇರುವ ಆಯುಧವು ಪಾಠವಾಗಬಲ್ಲದು. ಮನೆಯಲ್ಲಿ ಇರುವ ಒಂದು ಖಡ್ಗವೂ ಪಾಠವಾಗಬಲ್ಲದು. ಇಟ್ಟುಕೊಂಡವನು ಮೂರು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳದಿದ್ದರೆ ಸಾಕು: ಇದು ಯಾರ ಕೈಯಲ್ಲಿತ್ತು? ಯಾರ ಮೇಲೆ ಎದ್ದಿತು? ಏತಕ್ಕಾಗಿ? ಉತ್ತರವು ಪೂರ್ತಿ ದೊರೆಯದೆ ಹೋಗಬಹುದು. ಆದರೆ ಪ್ರಶ್ನೆಯನ್ನು ಕೇಳುತ್ತಲೇ ಇರುವವನು ಆಯುಧದ ಒಡೆಯನಾಗಿ ಬೀಗಲಾರನು, ಸಾಲಗಾರನಾಗಿ ತಲೆಬಾಗುವನು. ಅಂಥವನಿಗೆ ಒಂದರ ಮೇಲೊಂದು ಕಾರ್ಬೈನು ಕೂಡಿಸುವ ಹಂಬಲವೂ ತಾನಾಗಿಯೇ ಕುಗ್ಗುವದು. ಸಾಲವನ್ನು ಹವ್ಯಾಸಕ್ಕಾಗಿ ಬೆಳೆಸುವವರು ಯಾರೂ ಇಲ್ಲ.

ಖಂಡೇಪೂಜೆಯ ಮರುದಿನ ಈ ಸೀಮೆಯ ಜನರು ಊರ ಹೊರಗೆ ಹೋಗಿ, ಆಯುಧಗಳನ್ನು ಹೊತ್ತ ಅದೇ ಮರವನ್ನು ಪೂಜಿಸಿ, ಅದರ ಎಲೆಗಳನ್ನು ತಂದು ಮನೆಮನೆಗೂ ಹಂಚುವರು. ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆರಗುವರು. ವರ್ಷವೆಲ್ಲ ಮಾತು ಬಿಟ್ಟವರೂ ಆ ಹೊತ್ತು ಬಂಗಾರದಂತಿರೋಣವೆಂದು ಹೇಳಿಕೊಳ್ಳುವರು. ಮರದ ಮೇಲೆ ಗಾಂಡೀವವೂ ಇದ್ದಿತು, ಹೆಣವೂ ಇದ್ದಿತು, ಎಲೆಗಳೂ ಇದ್ದವು. ಜನರು ಮನೆಗೆ ತಂದದ್ದು ಎಲೆಗಳನ್ನು.